ಚೀನೀ ಹೂದಾನಿ ಹರಾಜಿಗೆ ಹಾಕುವ ಮುನ್ನ

ಪ್ರಶ್ನೆ: ಅಜ್ಜಿಯಿಂದ ಬಂದ ನೀಲಿ-ಬಿಳಿ ಪಿಂಗಾಣಿ ಹೂದಾನಿಯ ತಳದಲ್ಲಿ ಆರು ಚೀನೀ ಅಕ್ಷರಗಳಿವೆ. ಕಾಂಗ್‌ಷಿ ಎಂಬ ಚೀನೀ ದೊರೆಯ ಮುದ್ರೆಯಂತೆ. ಆನ್‌ಲೈನ್ ಹರಾಜಿನಲ್ಲಿ ಮಾರುವುದು ಹೇಗೆ?

ಉತ್ತರ: ಮುದ್ರೆ ನೋಡಿ ಬೆಲೆ ಕಟ್ಟಬೇಡಿ. ಕಾಂಗ್‌ಷಿ ಕಾಲ 1662ರಿಂದ 1722. ಆದರೆ 19ನೇ ಶತಮಾನದ ಕುಶಲಕರ್ಮಿಗಳೂ ಆ ಕಾಲದ ಮೇಲಿನ ಗೌರವಕ್ಕಾಗಿ ಅದೇ ಮುದ್ರೆ ಬರೆದರು, ಇಂದಿನ ನಕಲಿಗಾರರು ಮೋಸಕ್ಕಾಗಿ ಬರೆಯುತ್ತಾರೆ. ಹಾಗಾಗಿ ವಿವರಣೆಯಲ್ಲಿ ‘ಕಾಂಗ್‌ಷಿ ಮುದ್ರೆ ಇದೆ’ ಎಂದಷ್ಟೇ ಬರೆಯಿರಿ. ‘ಕಾಂಗ್‌ಷಿ ಕಾಲದ್ದು’ ಎಂದು ಬರೆದು ಅದು ಸುಳ್ಳಾದರೆ ಹಣ ಹಿಂದಿರುಗಿಸಬೇಕಾದೀತು.

ಅನುಭವಿ ಕೊಳ್ಳುವವರು ಚಿತ್ತಾರಕ್ಕಿಂತ ಮೊದಲು ನೋಡುವುದು ತಳದ ಉಂಗುರವನ್ನು. ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಇಲ್ಲದ ಆ ಅಂಚಿನಲ್ಲಿ ಮಣ್ಣಿನ ಬಣ್ಣ, ಅಂಚನ್ನು ಕೆತ್ತಿ ರೂಪಿಸಿದ ರೀತಿ, ಸವೆತ ಎಲ್ಲವೂ ಬಯಲಾಗುತ್ತವೆ. ಅದರ ಹತ್ತಿರದ ಫೋಟೋ ಹಗಲು ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಕೊಳೆ ತಿಕ್ಕಬೇಡಿ, ಹಳೆಯ ಚೀಟಿ ಅಂಟಿದ್ದರೆ ಕೀಳಬೇಡಿ. ಒಳಗೆ ಟಾರ್ಚ್ ಬಿಟ್ಟು ಕೂದಲೆಳೆಯ ಬಿರುಕು ಹುಡುಕಿ. ಸಿಕ್ಕಿದ್ದನ್ನು ಮುಚ್ಚಿಡದೆ ತೋರಿಸಿ. ಅಜ್ಜಿಯ ಕಾಲದ ರಸೀದಿ, ಹೂದಾನಿ ಕಾಣುವ ಹಳೆಯ ಫೋಟೋ ಇದ್ದರೆ ಅದು ಮುದ್ರೆಗಿಂತ ಗಟ್ಟಿ ಸಾಕ್ಷಿ.

ಕನಿಷ್ಠ ಬೆಲೆ ನಿಗದಿ ಮಾಡದೆ ಹರಾಜಿಗೆ ಬಿಡಬೇಡಿ. ಕಮಿಷನ್, ಫೋಟೋ ಶುಲ್ಕ, ವಿಮೆ ಎಷ್ಟೆಂದು ಮೊದಲೇ ಬರಹದಲ್ಲಿ ಪಡೆಯಿರಿ. ನೂರು ವರ್ಷ ದಾಟಿದ ವಸ್ತುವನ್ನು ಹೊರದೇಶಕ್ಕೆ ಕಳಿಸಲು ಹಲವೆಡೆ ಪರವಾನಗಿ ಬೇಕು. ಚೀನೀ ವಸ್ತುಗಳ ಹರಾಜಿನಲ್ಲಿ ಗೆದ್ದವರು ಹಣ ಕೊಡದೆ ಕೈಕೊಡುವುದು ಅಪರೂಪವಲ್ಲ. ಹಣ ನಿಮ್ಮ ಖಾತೆಗೆ ಬಿದ್ದ ಮೇಲೆಯೇ ಪ್ಯಾಕ್ ಮಾಡಿ, ಅದೂ ಎರಡು ಪೆಟ್ಟಿಗೆಯಲ್ಲಿ, ನಡುವೆ ಐದು ಸೆಂಟಿಮೀಟರ್ ಮೆತ್ತೆ ಇಟ್ಟು.