ಆಫ್ ಸ್ಪಿನ್: ನೆಟ್ಸಿನಲ್ಲಿ ಬೀಳುವ ಬಾಲು ಮ್ಯಾಚಿನಲ್ಲೂ ಬೀಳಬೇಕಾದ್ರೆ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರೋದು ಇಷ್ಟು: ಬಲಗೈ ಆಫ್ ಸ್ಪಿನ್, ಲೀಗ್ ಮ್ಯಾಚುಗಳಲ್ಲಿ ಅರ್ಧ ತೆಂಗಿನ ನಾರಿನ ಮ್ಯಾಟಿನ ಮೇಲೆ, ಅರ್ಧ ಟರ್ಫ್ (ಹುಲ್ಲು-ಮಣ್ಣಿನ ಪಿಚ್) ಮೇಲೆ. ನೆಟ್ಸಿನಲ್ಲಿ ಚೆನ್ನಾಗಿ ತಿರುಗುತ್ತೆ, ಮ್ಯಾಚಿನಲ್ಲಿ ಮೊದಲ ಓವರಲ್ಲಿ ಒಂದು ಫೋರ್ ಹೋದ ಕೂಡಲೇ ಶಾರ್ಟ್ (ಬ್ಯಾಟ್ಸ್‌ಮನ್‌ಗಿಂತ ತೀರಾ ಮೊದಲೇ) ಬೀಳೋಕೆ ಶುರು. ಇದಕ್ಕೆ ದೂಸ್ರಾ, ಅಂದ್ರೆ ಅದೇ ಆಕ್ಷನ್‌ನಲ್ಲಿ ಎದುರು ದಿಕ್ಕಿಗೆ ತಿರುಗುವ ಬಾಲು, ಕಲಿಯಲಾ ಅಂತ ಕೇಳಿದ್ದೀರಿ.

ದೂಸ್ರಾ ಬೇಡ. ಮೊಣಕೈ ನಿಯಮದ ಮಿತಿಯಾದ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗದೆ ಆ ಬಾಲು ಹಾಕೋದು ಬಹಳ ಕಷ್ಟ, ಅಂತರರಾಷ್ಟ್ರೀಯ ಮಟ್ಟದವರೇ ಅದರಿಂದ ಆಕ್ಷನ್ ಪರೀಕ್ಷೆಗೆ ಹೋಗಿಬಂದಿದ್ದಾರೆ. ಅದೂ ಅಲ್ಲದೆ ನಿಮ್ಮ ತೊಂದರೆ ವೆರೈಟಿ ಇಲ್ಲದ್ದಲ್ಲ. ಸ್ಟಾಕ್ ಬಾಲು, ಅಂದ್ರೆ ನೀವು ಮಾಮೂಲಾಗಿ ಹಾಕುವ ಬಾಲು, ಒತ್ತಡದಲ್ಲಿ ಬದಲಾಗ್ತಿದೆ, ಅಷ್ಟೇ. ಅದನ್ನು ಸರಿಮಾಡಬೇಕು.

ಮೊದಲು ನೆಟ್ಸು ಯಾಕೆ ಮೋಸ ಮಾಡುತ್ತೆ ನೋಡಿ. ಒಂದು ನೆಟ್ಟಿಗೆ ಐದಾರು ಬೌಲರ್ ಇದ್ದಾಗ ನಿಮ್ಮ ಸರದಿ ಬರೋದು ಎರಡು ಮೂರು ನಿಮಿಷಕ್ಕೊಂದು ಸಲ. ಮ್ಯಾಚಿನಲ್ಲಿ ಅಷ್ಟು ಹೊತ್ತಿಗೆ ಇಡೀ ಓವರ್ ಮುಗಿಯುತ್ತೆ, ಅದೂ ಒಂದೇ ಬ್ಯಾಟ್ಸ್‌ಮನ್‌ಗೆ. ಎರಡನೇದು ಕ್ರೀಸು. ನೆಟ್ಸಿನಲ್ಲಿ ಗೆರೆ ಅಳಿಸಿಹೋಗಿರುತ್ತೆ, ಎಲ್ಲರೂ ಒಂದೂವರೆ ಎರಡು ಅಡಿ ಮುಂದೆ ಬಂದು ಹಾಕ್ತಾರೆ. ಅದೇ ಬಾಲನ್ನು ಮ್ಯಾಚಿನಲ್ಲಿ ಗೆರೆ ಹಿಂದಿನಿಂದ ಹಾಕಿದ್ರೆ ಅದು ಒಂದೂವರೆ ಎರಡು ಅಡಿ ಶಾರ್ಟ್ ಬೀಳಲೇಬೇಕು. ನಿಮ್ಮ ಶಾರ್ಟ್ ಬಾಲಿನ ಅರ್ಧ ಕಾರಣ ಇದೇ ಇರಬಹುದು. ಇವತ್ತೇ ಒಂದು ಸುಣ್ಣದ ಕಡ್ಡಿ ಇಟ್ಕೊಳ್ಳಿ, ಬೌಲಿಂಗ್ ಕಡೆ ಸ್ಟಂಪಿನಿಂದ 4 ಅಡಿ ಮುಂದೆ ಗೆರೆ ಎಳೆದೇ ಅಭ್ಯಾಸ ಶುರುಮಾಡಿ. ನೋಬಾಲ್ ಆದ್ರೆ ಅದನ್ನು ಲೆಕ್ಕಕ್ಕೆ ಸೇರಿಸ್ಬೇಡಿ.

ಉಳಿದರ್ಧ ಕಾರಣ ಭಯ. ಫೋರ್ ಹೋದ ಮೇಲೆ ಮುಂದಿನ ಬಾಲು ಜೋರಾಗಿ ಹಾಕ್ಬೇಕು ಅನ್ಸುತ್ತೆ. ರನ್ ಅಪ್ ಜೋರಾಗುತ್ತೆ, ಎಡಗೈ ಬೇಗ ಕೆಳಗೆ ಬೀಳುತ್ತೆ, ಎದೆ ಬ್ಯಾಟ್ಸ್‌ಮನ್ ಕಡೆಗೆ ಬೇಗ ತೆರೆದುಕೊಳ್ಳುತ್ತೆ. ಬಲಗೈ ಹಿಂದೆ ಉಳಿದು ಬಾಲನ್ನು ಕೆಳಕ್ಕೆ ಎಳೆಯುತ್ತೆ. ಬೆರಳು ತಿರುಗಿಸೋದು ಬಿಟ್ಟು ತಳ್ಳುತ್ತೆ. ಬಾಲು ಚಪ್ಪಟೆಯಾಗಿ ಹೋಗಿ ಅರ್ಧ ಪಿಚ್ಚಿನಲ್ಲಿ ಬೀಳುತ್ತೆ, ತಿರುಗೋದೂ ಇಲ್ಲ. ಹಾಗಾಗಿ ಮ್ಯಾಚಿನಲ್ಲಿ ನೆನಪಿಡಬೇಕಾದ ಮಾತು ಒಂದೇ ಇರಲಿ: ಹೊಡೆಸಿಕೊಂಡ ಮೇಲೆ ಬಾಲನ್ನು ಇನ್ನೂ ಜೋರಾಗಿ ತಿರುಗಿಸಬೇಕು, ಜೋರಾಗಿ ಎಸೆಯಬಾರದು.

ಹಿಡಿತಕ್ಕೆ ಬರೋಣ. ತೋರುಬೆರಳು, ನಡುಬೆರಳು ಎರಡೂ ಸೀಮಿಗೆ (ಬಾಲಿನ ಹೊಲಿಗೆಗೆ) ಅಡ್ಡ, ನೋವಾಗದಷ್ಟು ಅಗಲ. ಮೇಲಿನ ಗೆಣ್ಣು ಸೀಮ್ ಮೇಲೆ ಕೂರಬೇಕು. ಬಾಲು ಉಂಗುರಬೆರಳಿನ ಪಕ್ಕಕ್ಕೆ ಒರಗಿರಲಿ, ಹೆಬ್ಬೆರಳು ಸುಮ್ಮನೆ ತಾಗಿದ್ರೆ ಸಾಕು. ಬಾಲು ಅಂಗೈಗೆ ಮುಟ್ಟಬಾರದು. ಕೆಲಸ ಮಾಡೋದು ತೋರುಬೆರಳು, ಡಬ್ಬಿಯ ಮುಚ್ಚಳ ಬಿಗಿ ಮಾಡುವ ದಿಕ್ಕಿಗೆ ಮಣಿಕಟ್ಟೂ ಬೆರಳೂ ಒಟ್ಟಿಗೆ ತಿರುಗಬೇಕು. ನಿಮ್ಮ ತೋರುಬೆರಳನ್ನೇ ನೋಡಿಕೊಳ್ಳಿ: ಮೇಲಿನ ಗೆಣ್ಣಿನ ಹತ್ತಿರ, ನಡುಬೆರಳ ಕಡೆ ಬದಿಯಲ್ಲಿ ಚರ್ಮ ದಪ್ಪಗಾಗಿದ್ರೆ ಹಿಡಿತ ಸರಿ ಇದೆ. ಬೆರಳ ತುದಿಯಲ್ಲಿ ಮಾತ್ರ ಒರಟಾಗಿದ್ರೆ ನೀವು ಬಾಲನ್ನು ತಳ್ತಿದ್ದೀರಿ.

ಹಳೇ ಬಾಲೊಂದರ ಸೀಮ್ ಮೇಲೆ ಬಿಳಿ ಟೇಪು ಅಂಟಿಸಿ, ಗೆಳೆಯನನ್ನು 10 ಮೀಟರ್ ದೂರದಲ್ಲಿ ನಿಲ್ಲಿಸಿ, ನಿಂತಲ್ಲಿಂದಲೇ ಹಾಕಿ. ಟೇಪು ಅಲುಗಾಡದೆ ಒಂದೇ ಗೆರೆಯಾಗಿ ಕಾಣಬೇಕು, ಲೆಗ್ ಸ್ಲಿಪ್ (ಕೀಪರ್ ಪಕ್ಕದ ಲೆಗ್ ಬದಿ) ಕಡೆಗೆ ಸುಮಾರು 45 ಡಿಗ್ರಿ ವಾಲಿರಬೇಕು. ಟೇಪು ತೂರಾಡಿದ್ರೆ ಬೆರಳು ಒಂದಾದ ಮೇಲೊಂದು ಬಿಡ್ತಿದೆ ಅಂತ ಅರ್ಥ. ಸೀಮು ಸ್ಕ್ವೇರ್ ಲೆಗ್ ಕಡೆಗೇ ಪೂರ್ತಿ ತಿರುಗಿದ್ರೆ ಬರೀ ಪಕ್ಕದ ತಿರುಗು, ಟಾಪ್ ಸ್ಪಿನ್ (ಮುಂದಕ್ಕೆ ಉರುಳುವ ತಿರುಗು) ಇಲ್ಲ. ಅಂಥ ಬಾಲು ಗಾಳಿಯಲ್ಲಿ ಇಳಿಯಲ್ಲ, ಬಿದ್ದ ಮೇಲೆ ಎದ್ದೇಳಲ್ಲ, ಬ್ಯಾಟ್ಸ್‌ಮನ್ ಹಿಂದೆ ಹೋಗಿ ಆರಾಮಾಗಿ ಆಡ್ತಾನೆ. ಭಾರತದ ಆಫ್ ಸ್ಪಿನ್ನರ್ ಎರಪಳ್ಳಿ ಪ್ರಸನ್ನ 49 ಟೆಸ್ಟಿನಲ್ಲಿ 189 ವಿಕೆಟ್ ತೆಗೆದಿದ್ದು ಈ ಇಳಿತದಿಂದಲೇ. ಕೈಗೆ ಸಿಗುತ್ತೆ ಅಂತ ಮುಂದೆ ಬಂದ ಬ್ಯಾಟ್ಸ್‌ಮನ್‌ಗೆ ಬಾಲು ಒಂದಡಿ ಮೊದಲೇ ಬೀಳ್ತಿತ್ತು.

ಈ ನಿಂತ ಅಭ್ಯಾಸ 20 ಬಾಲು, ಆಮೇಲೆ ಒಂದೇ ಹೆಜ್ಜೆಯಲ್ಲಿ 20, ಆಮೇಲೆ ಪೂರ್ತಿ ರನ್ ಅಪ್. ಒಂದೇ ಹೆಜ್ಜೆಯ ಅಭ್ಯಾಸದಲ್ಲಿ ಕಣ್ಣು ಕಾಲಿನ ಮೇಲಿರಲಿ. ಎಡಗಾಲು ಬಿದ್ದಾಗ ಅದೊಂದೇ ಕಾಲಿನ ಮೇಲೆ ನೆಟ್ಟಗೆ ನಿಲ್ಲೋಕೆ ಆಗಬೇಕು. ಆಗ್ತಿಲ್ಲ ಅಂದ್ರೆ ಹೆಜ್ಜೆ ಉದ್ದವಾಗಿದೆ, ಮೊಣಕಾಲು ಕುಸೀತಿದೆ, ಬಾಲು ಬಿಡುವ ಎತ್ತರವೂ ಅಷ್ಟೇ ಕಡಿಮೆಯಾಗುತ್ತೆ. ಎಡಗಾಲು ತೀರಾ ಲೆಗ್ ಸೈಡ್ ಕಡೆ ಅಡ್ಡ ಬಿದ್ರೆ ಸೊಂಟ ತಿರುಗೋಕೆ ಜಾಗವೇ ಇರಲ್ಲ, ಕೈ ಮಾತ್ರ ಸುತ್ತಿ ಬರುತ್ತೆ, ತಿರುವು ಅರ್ಧ ಹೋಗುತ್ತೆ. ಸರಿಯಾಗಿ ಆದಾಗ ಎಡ ಪಾದದ ಮುಂಭಾಗದ ಮೇಲೆ ಇಡೀ ಮೈ ತಿರುಗಿ, ಬಲ ಸೊಂಟ ಬ್ಯಾಟ್ಸ್‌ಮನ್ ಕಡೆಗೆ ಬಂದು, ಬಲಗೈ ಎಡ ಜೇಬನ್ನು ಸವರಿಕೊಂಡು ಹೋಗುತ್ತೆ. ಮಣ್ಣಿನ ಪಿಚ್ಚಿನಲ್ಲಿ ಹಾಕಿ, ನಿಮ್ಮ ಎಡ ಶೂ ಬಿಟ್ಟ ಗುರುತು ನೋಡಿ. ದುಂಡಗೆ ಕೊರೆದಂತಿದ್ರೆ ತಿರುಗಿದ್ದೀರಿ. ಉದ್ದಕ್ಕೆ ಎಳೆದ ಗೆರೆ ಇದ್ರೆ ಕಾಲು ಜಾರಿದೆ, ಮೈ ತಿರುಗಿಲ್ಲ. ಫಾಲೋ ಥ್ರೂನಲ್ಲಿ ಪಿಚ್ಚಿನಿಂದ ಬೇಗ ಪಕ್ಕಕ್ಕೆ ಸರಿಯೋದನ್ನೂ ಈಗಲೇ ರೂಢಿ ಮಾಡಿ. ಪಾಪಿಂಗ್ ಕ್ರೀಸಿನ (ಸ್ಟಂಪಿನಿಂದ 4 ಅಡಿಯ ಆ ಗೆರೆಯ) 5 ಅಡಿ ಮುಂದಿನಿಂದ ಶುರುವಾಗಿ, ಮಿಡಲ್ ಸ್ಟಂಪಿನ ನೇರದ ಎರಡೂ ಕಡೆ ಒಂದೊಂದು ಅಡಿ ಜಾಗ ತುಳಿಯುವಂತಿಲ್ಲ, ಅಂಪೈರ್ ಎಚ್ಚರಿಕೆ ಕೊಡ್ತಾರೆ.

ಫ್ಲೈಟಿಗೆ, ಅಂದ್ರೆ ಬಾಲನ್ನು ಗಾಳಿಯಲ್ಲಿ ಎತ್ತರಿಸಿ ಹಾಕೋದಕ್ಕೆ, ದಾರ ಕಟ್ಟುವ ಅಭ್ಯಾಸಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ನೆಟ್ಟಿನ ಎರಡು ಕಂಬಕ್ಕೆ ಅಡ್ಡಲಾಗಿ, ನಿಮ್ಮ ಕ್ರೀಸಿನಿಂದ 6–7 ಮೀಟರ್ ಮುಂದೆ ಸುಮಾರು 6 ಅಡಿ ಎತ್ತರಕ್ಕೆ ದಾರ ಕಟ್ಟಿ. ಎತ್ತರ ಎಲ್ಲರಿಗೂ ಒಂದೇ ಅಲ್ಲ. ಮೊದಲು ನಿಮ್ಮ ಮಾಮೂಲಿ ಬಾಲು ಎಲ್ಲಿ ಹಾದುಹೋಗುತ್ತೆ ಅಂತ ನೋಡಿ, ಅದಕ್ಕಿಂತ ಒಂದು ಗೇಣು ಮೇಲೆ ಕಟ್ಟಿದ್ರೆ ಆಯ್ತು. ಬಾಲು ದಾರದ ಮೇಲಿಂದ ಹೋಗಿ ಗುರುತಿನ ಒಳಗೆ ಬೀಳಬೇಕು. ಟರ್ಫ್ ಆದ್ರೆ ಬ್ಯಾಟ್ಸ್‌ಮನ್ ಸ್ಟಂಪಿನಿಂದ 4ರಿಂದ 5 ಮೀಟರ್ ನಡುವೆ, ಅಗಲದಲ್ಲಿ ಆಫ್ ಸ್ಟಂಪಿನಿಂದ ಹೊರಗೆ ಒಂದಡಿ. ಮ್ಯಾಟ್ ಆದ್ರೆ 3ರಿಂದ 4 ಮೀಟರ್. ತೆಂಗಿನ ನಾರಿನ ಮ್ಯಾಟು ಸೀಮನ್ನು ಹಿಡಿದು ಬಾಲನ್ನು ಎತ್ತರಕ್ಕೆ ಎಬ್ಬಿಸುತ್ತೆ, ಟರ್ಫಿನ ಗುಡ್ ಲೆಂತ್ ಅಲ್ಲಿ ಪಕ್ಕೆಲುಬಿನ ಎತ್ತರಕ್ಕೆ ಬಂದು ಪುಲ್ಲಿಗೆ ಸಿಕ್ಕಿಬಿಡುತ್ತೆ. ಮ್ಯಾಚಿಗೆ ಮುಂಚೆ ಮ್ಯಾಟಿನ ಮೇಲೆ ನಡೆದು ನೋಡಿ. ಬಿಗಿಯಾಗಿ ಎಳೆದಿದ್ರೆ ಬೌನ್ಸು ಹೆಚ್ಚು, ಸಡಿಲಾಗಿ ಮಡಿಕೆ ಬಿದ್ದಿದ್ರೆ ಬಾಲು ನಿಧಾನವಾಗುತ್ತೆ, ಲೆಂತ್ ಸ್ವಲ್ಪ ಹಿಂದಕ್ಕೆ ಎಳೆಯಬಹುದು.

ಅಭ್ಯಾಸದ ಲೆಕ್ಕ ಬಾಲಿನಲ್ಲಿ ಬೇಡ, ಓವರಿನಲ್ಲಿ ಇರಲಿ. ಬ್ಯಾಟ್ಸ್‌ಮನ್ ಇಲ್ಲದೆ ಆರು ಬಾಲು ಒಂದರ ಹಿಂದೆ ಒಂದು, ಎರಡು ನಿಮಿಷ ಬಿಡುವು, ಮತ್ತೆ ಆರು. ಹೀಗೆ ನಾಲ್ಕು ಓವರಿನಿಂದ ಶುರುಮಾಡಿ, ಭುಜ ತಡೆದುಕೊಂಡಂತೆ ವಾರಕ್ಕೆ ಒಂದೆರಡು ಓವರ್ ಏರಿಸುತ್ತಾ ಎಂಟಕ್ಕೆ ಬನ್ನಿ. ವಾರಕ್ಕೆ ಮೂರು ದಿನ ಸಾಕು. ಪ್ರತಿ ಬಾಲಿಗೂ ಪುಸ್ತಕದಲ್ಲಿ ‘ಶಾ’, ‘ಸ’, ‘ಫು’ ಅಂತ ಒಂದೇ ಅಕ್ಷರ: ಶಾರ್ಟು, ಸರಿ, ಫುಲ್ಲು. ಆರರಲ್ಲಿ ನಾಲ್ಕು ‘ಸ’ ಬರೋವರೆಗೂ ಹೊಸ ವೆರೈಟಿ ಮುಟ್ಟಬೇಡಿ. ಶಾರ್ಟಿಗಿಂತ ಫುಲ್ಲು ಹೆಚ್ಚಾಗ್ತಿದ್ರೆ ಚಿಂತೆಯಿಲ್ಲ, ಕಲಿಯೋವಾಗ ಹಾಗೇ ಆಗಬೇಕು. ಬೆರಳಿನ ಚರ್ಮ ಬಿರಿದ್ರೆ ಅವತ್ತಿಗೆ ನಿಲ್ಲಿಸಿ. ಟೇಪು ಸುತ್ತಿ ಹಾಕೋದನ್ನು ರೂಢಿ ಮಾಡಬೇಡಿ, ಮ್ಯಾಚಿನಲ್ಲಿ ಬೌಲಿಂಗ್ ಕೈಯ ಟೇಪನ್ನು ಅಂಪೈರ್ ತೆಗೆಸ್ತಾರೆ.

ವೇಗ ಅಳೆಯೋಕೆ ಮೊಬೈಲ್ ಸಾಕು. ಪಕ್ಕದಿಂದ, ಸೆಕೆಂಡಿಗೆ 30 ಫ್ರೇಮಿನಲ್ಲಿ ವಿಡಿಯೊ ತೆಗೆದು, ಕೈ ಬಿಟ್ಟಲ್ಲಿಂದ ನೆಲ ಮುಟ್ಟೋವರೆಗೆ ಫ್ರೇಮ್ ಎಣಿಸಿ. ಕ್ರೀಸಿನಿಂದ ಗುಡ್ ಲೆಂತಿಗೆ ಹತ್ತಿರ ಹತ್ತಿರ 14.4 ಮೀಟರ್. 24 ಫ್ರೇಮ್ ಬಂದ್ರೆ ಸರಾಸರಿ ಗಂಟೆಗೆ 65 ಕಿ.ಮೀ., 21 ಬಂದ್ರೆ 74, 18 ಬಂದ್ರೆ 86. ನಿಮ್ಮ ಸ್ಟಾಕ್ ಬಾಲು 20–22 ಫ್ರೇಮಿನಲ್ಲಿದ್ರೆ ಕ್ಲಬ್ ಮಟ್ಟಕ್ಕೆ ಚೆನ್ನಾಗಿದೆ. ಮ್ಯಾಚಿನ ವಿಡಿಯೊ ಸಿಕ್ಕಿದ್ರೆ ಫೋರ್ ಹೋದ ನಂತರದ ಬಾಲನ್ನು ಎಣಿಸಿ. 17–18ಕ್ಕೆ ಇಳಿದಿದ್ರೆ ಭಯ ಅಲ್ಲೇ ಅಳತೆಗೆ ಸಿಕ್ಕಿತು.

ಇನ್ನು ಮ್ಯಾಚು. ಕ್ಯಾಪ್ಟನ್‌ಗೆ ಮೊದಲೇ ಹೇಳಿ ನಿಮ್ಮ ಫೀಲ್ಡ್ ನೀವೇ ಇಟ್ಕೊಳ್ಳಿ. ಬಲಗೈ ಬ್ಯಾಟ್ಸ್‌ಮನ್‌ಗೆ ನಾನು ಹೇಳೋದು: ಸ್ಲಿಪ್, ಪಾಯಿಂಟ್, ಕವರ್, ಮಿಡ್ ಆಫ್, ಮಿಡ್ ಆನ್, ಮಿಡ್ ವಿಕೆಟ್, ಸ್ವೀಪಿಗೆ ಡೀಪ್ ಸ್ಕ್ವೇರ್ ಲೆಗ್, ಹತ್ತಿರ ಶಾರ್ಟ್ ಫೈನ್ ಲೆಗ್. ಒಂಬತ್ತನೆಯವನು ಬಾಲು ಹಿಡೀತಿದ್ರೆ ಶಾರ್ಟ್ ಲೆಗ್ಗು, ಇಲ್ಲದಿದ್ರೆ ಲಾಂಗ್ ಆನ್. ಲೆಗ್ ಸೈಡಿನಲ್ಲಿ ಸ್ಕ್ವೇರಿನ ಹಿಂದೆ ಇಬ್ಬರಿಗಿಂತ ಹೆಚ್ಚು ನಿಲ್ಲಿಸಿದ್ರೆ ನೋಬಾಲು, ಸ್ಕ್ವೇರ್ ಲೆಗ್ಗಿನವನು ಹಿಂದೆ ಸರಿಯದಂತೆ ನೋಡಿ. ಕವರ್ ಕಡೆ ಗ್ಯಾಪು ದೊಡ್ಡದಾಗಿ ಕಂಡ್ರೂ ಇರಲಿ. ತಿರುಗಿ ಒಳಬರುವ ಬಾಲನ್ನು ಅಲ್ಲಿಗೆ ಓಡಿಸೋಕೆ ಹೋದವನು ಬ್ಯಾಟಿಗೂ ಪ್ಯಾಡಿಗೂ ನಡುವೆ ಜಾಗ ಬಿಡ್ತಾನೆ, ನಿಮ್ಮ ಬೌಲ್ಡ್ ಬರೋದು ಅಲ್ಲಿಂದ.

ಫೋರ್ ಹೋದಾಗ ಒಂದೇ ಪ್ರಶ್ನೆ: ಬಾಲು ಎಲ್ಲಿ ಬಿದ್ದಿತ್ತು? ಶಾರ್ಟ್ ಬಿದ್ದು ಹೊಡೆಸಿಕೊಂಡಿದ್ರೆ ಫೀಲ್ಡ್ ಬದಲಾಯಿಸಬೇಡಿ, ಲೆಂತ್ ಬದಲಾಯಿಸಿ. ಕೆಟ್ಟ ಬಾಲಿಗೆ ಫೀಲ್ಡ್ ಇಟ್ರೆ ಒಳ್ಳೆ ಬಾಲಿಗೆ ಆಳು ಸಾಲಲ್ಲ. ಒಳ್ಳೆ ಲೆಂತಿನ ಬಾಲನ್ನು ಮಿಡ್ ಆನ್ ಮೇಲೆ ಎತ್ತಿದ್ರೆ ಮಿಡ್ ಆನನ್ನು ಲಾಂಗ್ ಆನಿಗೆ ಕಳಿಸಿ ಮತ್ತದೇ ಬಾಲು ಹಾಕಿ, ಅವನು ಇನ್ನೊಂದು ಸಲ ಎತ್ತಲಿ. ಕ್ರೀಸ್ ಬಿಟ್ಟು ಹೊರಬರುವವನಿಗೆ ಟಾಪ್ ಸ್ಪಿನ್ ಹೆಚ್ಚಿಸಿ, ಲೈನನ್ನು ಇನ್ನೂ ಅರ್ಧ ಅಡಿ ಹೊರಗೆ ಒಯ್ಯಿರಿ, ಕೀಪರ್‌ಗೆ ಸ್ಟಂಪಿಂಗ್ ಸಿಗುತ್ತೆ. ಸ್ವೀಪ್ ಆಡುವವನಿಗೆ ಲೆಗ್ ಸ್ಟಂಪ್ ಕೊಡಲೇಬೇಡಿ, ಆಫ್ ಸ್ಟಂಪಿಗೆ ಫುಲ್ಲಾಗಿ, ಸ್ವಲ್ಪ ವೇಗವಾಗಿ ಹಾಕಿ.

ಮ್ಯಾಟಿನ ಮೇಲೆ ತಿರುವು ಜಾಸ್ತಿ ಇದ್ದಾಗ ರೌಂಡ್ ದಿ ವಿಕೆಟ್ (ಬೌಲಿಂಗ್ ಕೈ ಸ್ಟಂಪಿನಿಂದ ದೂರದ ಬದಿಗಿರುವಂತೆ) ಬನ್ನಿ. ಓವರ್ ದಿ ವಿಕೆಟ್‌ನಿಂದ ಅಷ್ಟು ತಿರುಗಿದ ಬಾಲು ಪ್ಯಾಡಿಗೆ ಬಡಿದ್ರೂ ಲೆಗ್ ಸ್ಟಂಪ್ ತಪ್ಪಿಸಿ ಹೋಗುತ್ತೆ, ಅಂಪೈರ್ ಔಟ್ ಕೊಡಲ್ಲ. ರೌಂಡ್‌ನಿಂದ ಬಂದ್ರೆ ಬಾಲು ಸ್ಟಂಪಿನ ನೇರದಲ್ಲೇ ಬಿದ್ದು, ನೇರದಲ್ಲೇ ಪ್ಯಾಡಿಗೆ ತಾಗುತ್ತೆ, ಎಲ್‌ಬಿಡಬ್ಲ್ಯು ಜೀವ ಪಡೆಯುತ್ತೆ. ಎಡಗೈ ಬ್ಯಾಟ್ಸ್‌ಮನ್‌ಗೂ ರೌಂಡೇ, ಸ್ಲಿಪ್ ಕಡ್ಡಾಯ.

ಯಾವ ತುದಿ ಬೇಕು ಅಂತ ಕ್ಯಾಪ್ಟನ್ ಕೇಳಿದ್ರೆ ಎದುರುಗಾಳಿಯ ತುದಿ ಕೇಳಿ, ಬಾಲು ಅಲ್ಲಿ ಬೇಗ ಇಳಿಯುತ್ತೆ. ಲೆಗ್ ಸೈಡಿನಿಂದ ಆಫ್ ಕಡೆಗೆ ಅಡ್ಡಗಾಳಿ ಇದ್ರೂ ಒಳ್ಳೇದು, ಬಾಲು ಗಾಳಿಯಲ್ಲಿ ಹೊರಗೆ ಸರಿದು ನೆಲದಿಂದ ಒಳಗೆ ತಿರುಗುತ್ತೆ.

ವೆರೈಟಿ ಬೇಕೇ ಬೇಕು ಅಂದ್ರೆ ಆರ್ಮ್ ಬಾಲ್ ಒಂದು ಸಾಕು. ತೋರುಬೆರಳನ್ನು ಸೀಮಿನ ಉದ್ದಕ್ಕೆ ಇಟ್ಟು, ಅದೇ ಆಕ್ಷನ್‌ನಲ್ಲಿ, ಬೆರಳು ತಿರುಗಿಸದೆ ಬಿಡಿ. ಎರಡು ಮೂರು ಓವರಿಗೊಂದು ಹಾಕಿದ್ರೆ ಅದಕ್ಕೆ ಬೆಲೆ. ಅನಿಲ್ ಕುಂಬ್ಳೆ ವೇಗ, ಬೌನ್ಸಿನ ಮೇಲೇ 619 ಟೆಸ್ಟ್ ವಿಕೆಟ್ ತೆಗೆದ್ರಲ್ಲ, ನಾನ್ಯಾಕೆ ಜೋರಾಗಿ ಹಾಕಬಾರದು ಅಂತ ಇಲ್ಲಿ ಯಾರಾದ್ರೂ ಕೇಳ್ತೀರಿ. ಅವರು ಎತ್ತರದ ಆಕ್ಷನ್‌ನ ಲೆಗ್ ಸ್ಪಿನ್ನರ್, ಆ ವೇಗ ಅವರ ಸ್ಟಾಕ್ ಬಾಲಿನದ್ದೇ, ಪ್ರತಿ ಬಾಲೂ ಹಾಗೇ ಬರ್ತಿತ್ತು. ನಿಮ್ಮದು ಹೊಡೆಸಿಕೊಂಡ ಮೇಲೆ ಬರುವ ವೇಗ, ಎರಡಕ್ಕೂ ಹೋಲಿಕೆಯಿಲ್ಲ.

ಮುಂದಿನ ಭಾನುವಾರದ ಒಳಗೆ ಎರಡು ವಿಡಿಯೊ ಇಲ್ಲೇ ಹಾಕಿ: ಒಂದು ಪಕ್ಕದಿಂದ, ಮುಂಗಾಲೂ ಬಾಲು ಬೀಳುವ ಜಾಗವೂ ಎರಡೂ ಕಾಣುವಂತೆ. ಇನ್ನೊಂದು ಬ್ಯಾಟ್ಸ್‌ಮನ್ ಸ್ಟಂಪಿನ ಹಿಂದಿನಿಂದ, ನೆಟ್ಟಿನ ಹೊರಗೆ ನಿಂತು. ಟೇಪಿನ ಬಾಲೇ ಇರಲಿ, ಗೆರೆ ಎಳೆದಿರಲಿ, ಆರು ಬಾಲು ತಡೆಯಿಲ್ಲದೆ ಇರಲಿ. ಒಳ್ಳೆ ಬಾಲು ಮಾತ್ರ ಆರಿಸಿ ಹಾಕಬೇಡಿ, ಶಾರ್ಟ್ ಬಿದ್ದದ್ದೇ ನನಗೆ ಹೆಚ್ಚು ಬೇಕು.