ಹಕ್ಕಿ ಆಮ್ಯಾಲ, ಮೊದ್ಲ ಮನಿ ನೋಡ್ಕೋರಿ

ಸಾಕುಪ್ರಾಣಿ: ನೀವ್ ಕೇಳ್ರಿ, ನಾವ್ ಹೇಳ್ತೀವಿ

ಪ್ರಶ್ನೆ: ನಮಸ್ಕಾರ್ರೀ. ನಮ್ದು ಕೇಶ್ವಾಪುರದಾಗ ಎರಡನೇ ಮಾಳಿಗಿ ಫ್ಲ್ಯಾಟ್. ಮಗ ಆರನೇತ್ತಾ, ಹೋದ ವರ್ಷದಿಂದ ಗಿಣಿ ಬೇಕು ಗಿಣಿ ಬೇಕು ಅಂತ ಜೀವ ತಿನ್ನಾಕತ್ತಾನ. ನಮ್ಮನಿಯವ್ರು ದೀಪಾವಳಿಗೆ ತಂದ್ಬಿಡೂಣು ಅಂತಾರ, ಒಂದು ಗುಂಡಗಿನ ಬಂಗಾರ ಬಣ್ಣದ ಪಂಜರಾನೂ ನೋಡಿಟ್ಟು ಬಂದಾರ. ಅಡಗಿಮನಿ, ಹಾಲ್ ಎರಡೂ ಕೂಡೇ ಅದಾವು, ನಡುವ ಗ್ವಾಡಿ ಇಲ್ಲ. ಇಬ್ರೂ ಕೆಲಸಕ್ಕ ಹೋಗಾವ್ರು. ಹಸರ ಗಿಣಿ ತರೂದೊ, ಲವ್ ಬರ್ಡ್ಸ್ ತರೂದೊ? ಮನ್ಯಾಗ ಏನೇನ್ ತಯಾರಿ ಮಾಡ್ಕೋಬೇಕು, ಬಿಡಿಸಿ ಹೇಳ್ರಿ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅಕ್ಕಾರ, ಹಸರ ಗಿಣಿ ಮಾತ್ರ ಬ್ಯಾಡ್ರಿ. ಕೊಳ್ಳಾಗ ಗುಲಾಬಿ ಪಟ್ಟಿ ಇರೂ ನಮ್ಮ ಊರ ಗಿಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆದಾಗ ಬರ್ತೈತಿ, 2022ರ ತಿದ್ದುಪಡಿ ಆದಮ್ಯಾಲ ಎರಡನೇ ಶೆಡ್ಯೂಲ್‌ನ್ಯಾಗ ಐತಿ. ಹಿಡಿಯೂದು, ಮಾರೂದು, ಮನ್ಯಾಗ ಇಟ್ಕೊಳ್ಳೂದು ಎಲ್ಲಾನೂ ಅಪರಾಧ, 3 ವರ್ಷದ ತನಕ ಜೈಲು ಇಲ್ಲಾ 1 ಲಕ್ಷದ ತನಕ ದಂಡ ಬೀಳಬಹುದು. "ಹಿಂದಕ ನಮ್ಮಜ್ಜನ ಮನ್ಯಾಗೂ ಇತ್ತಲ್ರಿ" ಅಂತ ಎಲ್ಲಾರೂ ಅಂತಾರ, ಇತ್ತು ಖರೆ, ಆದ್ರ ಹಂಗ ಮಾರಾಕ ಬರೂ ಮರಿ ಮರದ ಪೊಟರಿ ಒಡದು ಕಿತ್ತು ತಂದಿದ್ದು, ಒಂದು ಬದುಕೂದ್ರಾಗ ಎಷ್ಟೋ ಹಾದ್ಯಾಗ ಸತ್ತಿರ್ತಾವ.

ಇನ್ನ ಲವ್ ಬರ್ಡ್ಸ್ ಅಂತ ನಮ್ ಕಡೆ ಅಂಗಡ್ಯಾಗ ಕೊಡೂದು ಬಹಳ ಸಲ ಬಡ್ಜಿ ಅನ್ನೂ ಹಕ್ಕಿನ ಆಗಿರ್ತೈತಿ. ಅದೂ ಗಿಣಿ ಜಾತೀನ, ಆಸ್ಟ್ರೇಲಿಯಾದ್ದು, ಸಣ್ಣದು, ಚಂದಂಗ ನೋಡ್ಕೊಂಡ್ರ 5ರಿಂದ 10 ವರ್ಷ ಇರ್ತೈತಿ. ಮೊದಲನೇ ಸಲ ಸಾಕಾವ್ರಿಗೆ ನಾ ಇದನ್ನ ಹೇಳೂದು. ತಲಿ ಮ್ಯಾಲ ಜುಟ್ಲಾ ಇರೂ ಕಾಕಟೀಲ್ ಇನ್ನೂ ಪ್ರೀತಿ ಹಚ್ಕೋತೈತಿ, ಆದ್ರ ಅದು 15–20 ವರ್ಷದ ಲೆಕ್ಕ, ನಿಮ್ಮ ಹುಡುಗ ಕಾಲೇಜ್ ಮುಗಿಸಿ ಬೆಂಗಳೂರಿಗೆ ನೌಕರಿಗೆ ಹೋದಮ್ಯಾಲೂ ಅದರ ಕಾಳು ನೀರು ನಿಮ್ಮ ಕೊಳ್ಳಿಗೇ ಬೀಳ್ತೈತಿ, ವಿಚಾರ ಮಾಡ್ರಿ. ಸನ್ ಕಾನ್ಯೂರ್, ಆಫ್ರಿಕನ್ ಗ್ರೇ ಅಂತ ದೊಡ್ಡ ಹಕ್ಕಿ ಯಾರರ ತೋರಿಸಿದ್ರ ಅವಕ್ಕ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಅನ್ನೂ ವೆಬ್‌ಸೈಟಿನ್ಯಾಗ ನೋಂದಣಿ ಆಗಿರಬೇಕು, ಕಾಗದಪತ್ರ ಇಲ್ಲದ್ದನ್ನ ಮುಟ್ಟಬ್ಯಾಡ್ರಿ.

ಈಗ ಮನಿ ವಿಷಯಕ್ಕ ಬರ್ತೇನಿ. ನೀವ್ ಪಂಜರ ಮೊದ್ಲ ಕೇಳೀರಿ, ನಾ ಗ್ಯಾಸ್ ಕಟ್ಟಿ ಮೊದ್ಲ ಕೇಳ್ತೇನಿ. ಅಡಗಿಮನಿ ಹಾಲ್ ಕೂಡೇ ಅದಾವು ಅಂದ್ರಿ, ಹಂಗಾರ ದ್ವಾಸಿಗೆ ಯಾವ ಹಂಚು ಐತಿ? ನಾನ್‌ಸ್ಟಿಕ್ ಇದ್ರ ಅದನ್ನ ಹಕ್ಕಿ ಬರೂಕಿಂತ ಮೊದ್ಲ ಮನಿ ಹೊರಗ ಹಾಕ್ರಿ. ಆ ಕರಿ ಲೇಪ ಖಾಲಿ ಹಂಚಿನ್ಯಾಗ ಜೋರ್ ಉರಿಗೆ ಕಾದು 260 ಡಿಗ್ರಿ ದಾಟಿತಂದ್ರ ಕೆಡಾಕ ಚಾಲೂ ಆಗ್ತೈತಿ, ಆಗ ಬರೂ ಹವಾ ನಮಗ ಗೊತ್ತೂ ಆಗೂದಿಲ್ಲ, ಬಾಜೂ ರೂಮಿನ್ಯಾಗಿನ ಹಕ್ಕಿ ಸುದ್ದಾ ನಿಮಿಷದಾಗ ಬೀಳ್ತೈತಿ. ಹಕ್ಕಿ ಪುಪ್ಪಸದ ಕೂಡ ಮೈ ತುಂಬ ಗಾಳಿಚೀಲ ಇರ್ತಾವ, ಹವಾ ಒಳಗ ಒಂದ ದಿಕ್ಕಿಗೆ ಹರಕೊಂತ ಹೋಗ್ತೈತಿ, ಅದಕ್ಕ ನಮಗ ಒಂದ್ ಕೆಮ್ಮು ತರೂ ಹೊಗಿ ಅದರ ಜೀವಾನ ತಗೀತೈತಿ. ರೊಟ್ಟಿ ಮಾಡೂ ಕಬ್ಬಿಣದ ಹಂಚಿಂದ ಏನೂ ತ್ರಾಸಿಲ್ಲ, ಕಬ್ಬಿಣದ್ರಾಗ ದ್ವಾಸಿ ಎಬ್ಬಿಸೂದು ಅಭ್ಯಾಸ ಮಾಡ್ಕೋರಿ. ಇಸ್ತ್ರಿ ಪೆಟ್ಟಿಗಿ, ಏರ್ ಫ್ರಯರ್ ಒಳಗೂ ಅದ ಲೇಪ ಇರ್ತೈತಿ, ಅದೂ ಲಕ್ಷ ಇರಲಿ.

ಹಂಗ ಊದಿನಕಡ್ಡಿ, ಕರ್ಪೂರ, ಲೋಬಾನ, ಸೊಳ್ಳಿ ಬತ್ತಿ, ಬಾತ್‌ರೂಮಿಗೆ ಹೊಡಿಯೂ ಸ್ಪ್ರೇ, ಮತ್ತ ನಮ್ಮ ಕಡೆ ಒಣ ಮೆಣಸಿನಕಾಯಿ ಒಗ್ಗರಣಿ ಘಾಟು, ಇವೆಲ್ಲಾ ಇರೂ ಕಡೆ ಪಂಜರ ಇಡಬ್ಯಾಡ್ರಿ. ದೇವರಿಗೆ ಊದಿನಕಡ್ಡಿ ಬಿಡ್ರಿ ಅಂದ್ರ ಅತ್ತಿಯವ್ರು ನನಗ ಬೈತಾರ, ಗೊತ್ತೈತಿ, ಅದಕ್ಕ ಪಂಜರಕ್ಕ ಬಾಗಲಾ ಹಾಕಾಕ ಬರೂ ಒಂದು ಬ್ಯಾರೆ ಖೋಲಿ ನೋಡ್ರಿ. ನಿಮ್ಮ ಮನ್ಯಾಗ ಹುಡುಗನ ಓದೂ ಖೋಲಿ ಇದ್ರ ಅದ ಛಲೋ. ಕಿಡಕಿ ಎದರಿಗೆ ನೆಟ್ಟಗ ಬ್ಯಾಡ, ಎಪ್ರಿಲ್ ಬಿಸಲಿಗೆ ಹಕ್ಕಿಗೆ ಓಡಿ ಹೋಗಾಕ ಜಾಗಾನ ಇರೂದಿಲ್ಲ. ಒಂದು ಬದಿ ಗ್ವಾಡಿಗೆ ಹತ್ತಿರಲಿ, ನಮ್ಮ ಎದಿಮಟ್ಟ ಎತ್ತರ ಇರಲಿ, ನೆಲಕ್ಕಿಟ್ರ ಅದು ದಿನಾ ಅಂಜ್ಕೊಂತ ಕುಂದರ್ತೈತಿ.

ಪಂಜರದಿಂದ ಹೊರಗ ಬಿಡೂ ಹೊತ್ತಿಗೆ ಫ್ಯಾನ್ ಬಂದ್, ಇದ್ರಾಗ ಮಾತಿಲ್ಲ. ತಿರಗೂ ಸೀಲಿಂಗ್ ಫ್ಯಾನಿಗೆ ಬಡದ್ರ ಹಕ್ಕಿ ಸಾಯ್ತೈತಿ. ಸ್ವಿಚ್ ಮ್ಯಾಲ ಒಂದು ಟೇಪ್ ಹಚ್ಚಿ ಬಿಡ್ರಿ, ಕರೆಂಟ್ ಹೋಗಿ ಬಂದಾಗ ತಾನ ತಿರಗಬಾರದು. ಕಿಡಕಿ ಗಾಜಿಗೆ, ಕಪಾಟಿನ ಕನ್ನಡಿಗೆ ಶುರುವಿಗೆ ಪರದಾ ಎಳೀರಿ, ಗಾಜು ಅಂತ ಅದಕ್ಕ ತಿಳಿಯೂದಿಲ್ಲ, ಬಂದು ಹಾಯ್ತೈತಿ. ತುಂಬಿದ ಬಕೆಟ್ ಮ್ಯಾಲ ಮುಚ್ಚಳ, ಕಮೋಡ್ ಮ್ಯಾಲ ಮುಚ್ಚಳ. ಮೊಬೈಲ್ ಚಾರ್ಜರ್ ವೈರ್ ಕಡೀತಾವ, ಮನಿ ಪ್ಲಾಂಟ್ ಎಲಿ ತಿಂದ್ರ ಬಾಯಿ ಉರಿ ಹತ್ತಿ ಬಾವು ಬರ್ತೈತಿ, ಎರಡನ್ನೂ ಆ ಖೋಲಿಯಿಂದ ತಗೀರಿ.

ಆ ಗುಂಡಗಿನ ಪಂಜರ ಅಂಗಡ್ಯಾಂವನ ಹತ್ರಾನ ಇರಲಿ ಬಿಡ್ರಿ. ನೋಡಾಕ ಮದವಿ ಮಂಟಪದಂಗ ಕಾಣಸ್ತೈತಿ, ಹಾರಾಕ ಅದ್ರಾಗ ಜಾಗಾ ಇಲ್ಲ, ಮ್ಯಾಲ ಸರಳು ಕೂಡೂ ಸಂದಿನ್ಯಾಗ ಕಾಲ ಉಗರ ಸಿಗಬೀಳ್ತಾವ. ಹಕ್ಕಿ ಅಡ್ಡ ಹಾರ್ತೈತಿ, ಹೆಲಿಕಾಪ್ಟರಿನಂಗ ಮ್ಯಾಲಕ್ಕ ಏಳೂದಿಲ್ಲ, ಅದಕ್ಕ ಎತ್ತರಕ್ಕಿಂತ ಅಗಲ ನೋಡ್ರಿ. ಎರಡು ಬಡ್ಜಿಗೆ ಕಡಿಮ್ಯಂದ್ರ 30 ಇಂಚ್ ಅಗಲ, 18 ಇಂಚ್ ಆಳ, 18 ಇಂಚ್ ಎತ್ತರ. ಸರಳಿನ ನಡುವ ಅರ್ಧ ಇಂಚಿಗಿಂತ ಹೆಚ್ಚು ಸಂದಿ ಇದ್ರ ತಲಿ ತೂರಸ್ತಾವ. ಮ್ಯಾಲಕ್ಕೆತ್ತೂ ಜಾರೂ ಬಾಗಲಾ ಇದ್ರ ಅದಕ್ಕ ಬಟ್ಟಿ ಒಣಗಸೂ ಒಂದು ಕ್ಲಿಪ್ ಹಾಕ್ರಿ, ಇವು ಚುಂಚಿನ್ಯಾಗ ಎತ್ತಿ ಕೊಳ್ಳು ಹೊರಗ ಹಾಕ್ತಾವ, ಬಾಗಲಾ ಕುತ್ತಿಗಿ ಮ್ಯಾಲ ಬೀಳ್ತೈತಿ.

ಪಂಜರದ ಜೋಡಿ ಬರೂ ಪ್ಲಾಸ್ಟಿಕ್ ಕಡ್ಡಿ ಎಲ್ಲಾ ಒಂದ ದಪ್ಪ ಇರ್ತಾವ, ದಿನಪೂರ್ತಿ ಅದರ ಮ್ಯಾಲ ನಿಂತು ಅಂಗಾಲು ಹುಣ್ಣ ಆಗ್ತಾವ. ಬೇವಿನ್ದೊ ಪೇರಲದ್ದೊ ಟೊಂಗಿ, ಔಷಧ ಹೊಡೀಲಾರದ ಗಿಡದ್ದು, ಒಂದು ಕಿರಿಬೆರಳಿನಷ್ಟು ಒಂದು ಹೆಬ್ಬೆರಳಿನಷ್ಟು ದಪ್ಪದ್ದು ಕಡದು ತೊಳದು ಬಿಸಲಿಗೆ ಒಣಗಿಸಿ ಹಾಕ್ರಿ. ಸಿಪ್ಪಿ ಸುಲೀಬ್ಯಾಡ್ರಿ, ಸುಲಿಯೂದ ಅದರ ಕೆಲಸ, ದಿನಾ ಇಷ್ಟಿಷ್ಟ ಚುಂಚಿನ್ಯಾಗ ಎಳದು ಕೆಳಗ ಚೆಲ್ಲಿ ಮತ್ತೊಂದು ಎಳೀತೈತಿ, ನಿಮ್ಮ ಮಗನ ಟೈಮ್‌ಪಾಸೂ ಅದ ಆಗ್ತೈತಿ. ಟೊಂಗಿ ಕೆಳಗ ನೀರಿನ ಬಟ್ಟಲಾ ಇಡಬ್ಯಾಡ್ರಿ, ಯಾಕಂತ ನಿಮಗ ಗೊತ್ತಾಗ್ತೈತಿ. ಬಟ್ಟಲಾ ಸ್ಟೀಲಿಂದ ಇರಲಿ, ದುರ್ಗದಬೈಲಿನ್ಯಾಗ ಸಾಕಾಗೂವಷ್ಟು ಸಿಗ್ತಾವ. ತಳಕ್ಕ ಹಳೆ ಪೇಪರ್ ಹಾಸ್ರಿ, ಉಸುಕು, ಕಟ್ಟಿಗಿ ಪುಡಿ ಬ್ಯಾಡ, ಪೇಪರ್ ಮ್ಯಾಲ ಹಿಕ್ಕಿ ಹೆಂಗೈತಿ ಅಂತ ದಿನಾ ಮುಂಜಾನೆ ಕಾಣ್ತೈತಿ, ನೀರಾಗಿದ್ರ, ಬಣ್ಣ ಬದಲಾಗಿದ್ರ ಅವತ್ತ ಗೊತ್ತಾಗ್ತೈತಿ. ಮೊಟ್ಟಿ ಇಡೂ ಗಡಿಗಿ ಈಗ ಬ್ಯಾಡ ರೀ, ಅಂಗಡ್ಯಾಂವ ಪುಕ್ಕಟ ಕೊಟ್ರೂ ಬ್ಯಾಡ, ಎಳೆ ಹೆಣ್ಣಿಗೆ ಮೊಟ್ಟಿ ಒಳಗ ಸಿಕ್ಕೊಂಡು ಸಾಯ್ತೈತಿ.

ಕಾಳಿಗೆ ನಮ್ಮ ಸೀಮಿ ಪುಣ್ಯ ಮಾಡೇತಿ. ನವಣಿ, ಬರಗು, ಸಜ್ಜಿ, ಇವ ಅದರ ಊಟ, ನವಣಿ ತೆನಿ ಸಿಕ್ರ ಹಂಗ ಕಟ್ಟಿ ಬಿಡ್ರಿ. ಬರೇ ಕಾಳು ಹಾಕಿದ್ರ ಎ ಜೀವಸತ್ವ ಕಡಿಮಿ ಬೀಳ್ತೈತಿ, ಮೈ ಕೊಬ್ಬೂ ಬರ್ತೈತಿ, ಅದಕ್ಕ ಮೆಂತೆ ಪಲ್ಲೆ, ಕೊತಂಬ್ರಿ, ನುಗ್ಗಿ ಎಲಿ, ತುರದ ಗಜ್ಜರಿ ದಿನಾ ಸ್ವಲ್ಪ ಕೊಡ್ರಿ. ಸೂರ್ಯಕಾಂತಿ, ಕುಸುಬಿ ಎಣ್ಣಿ ಕಾಳು, ಅಪರೂಪಕ್ಕ ಸಾಕು. ಒಂದು ತುಂಡು ಸಮುದ್ರದ ನೊರೆ (ಕಟಲ್‌ಬೋನ್ ಅನ್ನೂ ಬಿಳೇ ಚಿಪ್ಪು) ಸರಳಿಗೆ ಸಿಗಸ್ರಿ, ಸುಣ್ಣದ ಅಂಶಕ್ಕ. ಚಹಾ, ಚಾಕಲೇಟು, ಬೆಣ್ಣೆ ಹಣ್ಣು, ಉಳ್ಳಾಗಡ್ಡಿ, ಉಪ್ಪಿನ ಚುರಮುರಿ ಕೊಡಬ್ಯಾಡ್ರಿ, ಸೇಬು ಕೊಡೂದಾದ್ರ ಬೀಜ ತಗದು.

ದೀಪಾವಳಿಗೆ ಮಾತ್ರ ತರಬ್ಯಾಡ್ರಿ. ಹೊಸಾ ಮನಿ, ಹೊಸಾ ಮಂದಿ, ಮ್ಯಾಲ ಪಟಾಕಿ, ಕತ್ತಲ್ಯಾಗ ಅಂಜಿ ಪಂಜರದಾಗ ಬಡಕೊಂಡು ರೆಕ್ಕಿ ಮುರ್ಕೋತಾವ. ಹಬ್ಬ ಮುಗದು ಎಂಟು ದಿನ ಆಗಲಿ. ಪಂಜರ ಮೊದ್ಲ ಜೋಡಿಸಿ ಇಡ್ರಿ, ಹಕ್ಕಿ ಒಂದು ಶನಿವಾರ ಮುಂಜಾನೆ ತರ್ರಿ, ಎರಡು ದಿನ ಮನ್ಯಾಗ ಇರ್ತೀರಿ. ಮೊದಲನೇ ವಾರ ಕೈ ಹಾಕಿ ಹಿಡಿಯೂದು ಬ್ಯಾಡ, ಹುಡುಗ ಬಾಜೂಕ ಕುಂತು ಅಭ್ಯಾಸದ್ದು ಗಟ್ಟ್ಯಾಗಿ ಓದಲಿ ಸಾಕು, ದನಿ ಗುರ್ತಾ ಆಗ್ತೈತಿ. ಇಬ್ರೂ ಹೊರಗ ಹೋಗಾವ್ರು ಅಂದ್ರಿ, ಹಂಗಾರ ಒಂದಲ್ಲ ಎರಡು ತರ್ರಿ, ಜ್ವಾಡಿ ಇದ್ರ ನಿಮಗ ಸ್ವಲ್ಪ ಕಡಿಮಿ ಹಚ್ಕೋತಾವ, ಆದ್ರ ದಿನಪೂರ್ತಿ ಒಂದ ಕುಂತು ಕೊರಗೂಕಿಂತ ಅದ ಛಲೋ. ರಾತ್ರಿ 10–12 ತಾಸು ನಿದ್ದಿ ಬೇಕು, ಎಂಟಕ್ಕ ತೆಳ್ಳನ ಹತ್ತಿ ಬಟ್ಟಿ ಹೊಚ್ಚಿ ಲೈಟ್ ತಗೀರಿ, ಹುಡುಗನ ಅಭ್ಯಾಸ ಆಮ್ಯಾಲ ಹಾಲ್‌ನ್ಯಾಗ ಆಗಲಿ.

ಪ್ರಶ್ನೆ: ನಮ್ಮ ಕಾಕಾ ವೆಲ್ಡಿಂಗ್ ಮಾಡ್ತಾರ. ಜಿಐ ಜಾಳಗಿ ತಂದು ದೊಡ್ಡ ಪಂಜರ ಮಾಡಿ ಕೊಡ್ತೇನಿ ಅಂತಾರ, ಅಂಗಡಿದಕ್ಕಿಂತ ಅರ್ಧ ರೇಟಿನ್ಯಾಗ ಆಗ್ತೈತಿ. ಮಾಡ್ಸಲೇನ್ರಿ?
— ಗದಗ

ಉತ್ತರ: ಚೌಕಟ್ಟು ಕಾಕಾನ ಕಡೆ ಮಾಡಸ್ರಿ, ಜಾಳಗಿ ಮಾತ್ರ ಜಿಐ ಬ್ಯಾಡ. ಅದರ ಮ್ಯಾಲಿನ ಲೇಪ ಸತುವಿಂದು. ಗಿಣಿ ಜಾತಿ ಹತ್ತಾಕ ಕಾಲಿನ ಜೋಡಿ ಬಾಯೂ ಬಳಸ್ತೈತಿ, ಇಡೀ ದಿನ ಅದನ್ನ ಕಡೀತೈತಿ, ಸತುವು ಹೊಟ್ಟಿಗೆ ಹೋಗಿ ವಿಷ ಆಗ್ತೈತಿ. ಹೊಸಾ ಜಾಳಗಿ ಮ್ಯಾಲ ಬಿಳೇ ಪುಡಿ, ಸಣ್ಣ ಸಣ್ಣ ಗಂಟು ಕಾಣ್ತಾವಲ್ಲ, ಅವ ಹೆಚ್ಚು ಅಪಾಯ. ವಿನೆಗರ್ ಹಾಕಿ ಬ್ರಶ್ಶಿಲೆ ತಿಕ್ಕಿದ್ರ ಕಡಿಮಿ ಆಗ್ತೈತಿ, ಪೂರಾ ಹೋಗೂದಿಲ್ಲ. ಸ್ಟೇನ್‌ಲೆಸ್ ಜಾಳಗಿ ತರ್ರಿ, ರೊಕ್ಕ ಹೆಚ್ಚಾಗ್ತೈತಿ, ಅರ್ಧ ರೇಟಿನ ಮಾತು ಉಳಿಯೂದಿಲ್ಲ, ಆದ್ರ ಕಾಕಾ ಮಾಡಿದ್ದು ಅಂಗಡಿದಕ್ಕಿಂತ ದೊಡ್ಡದಂತೂ ಆಗ್ತೈತಿ. ಬೆಸುಗಿ ಹಾಕಿದ ಕಡೆ ಚೂಪ ಉಳದಿದ್ರ ಉಜ್ಜಿ ನುಣ್ಣಗ ಮಾಡಾಕ ಹೇಳ್ರಿ. ಬಡ್ಜಿಗೆ ಅರ್ಧ ಇಂಚಿನ ಕಣ್ಣು, ಕಾಕಟೀಲಿಗೆ ಮುಕ್ಕಾಲು ಇಂಚು ದಾಟಬಾರದು.

ಪ್ರಶ್ನೆ: ಹೊಲದಾಗ ಗಾಳಿಗೆ ಹುಣಸಿ ಗಿಡದ ಟೊಂಗಿ ಮುರದು ಗಿಣಿ ಮರಿ ಬಿದ್ದೈತಿ, ರೆಕ್ಕಿ ಪೂರಾ ಬಂದಿಲ್ಲ. ಹಾಲು ಅನ್ನ ಹಾಕಿ ಸಾಕೂಣು ಅಂತ ಮಾಡೇವಿ. ಪಂಜರ ಎಷ್ಟು ದೊಡ್ಡದಿರಬೇಕು?
— ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲಾ

ಉತ್ತರ: ಅಣ್ಣಾರ, ಪಂಜರ ತರಬ್ಯಾಡ್ರಿ, ಹಾಲೂ ಹಾಕಬ್ಯಾಡ್ರಿ, ಹಕ್ಕಿಗೆ ಹಾಲು ಅರಗೂದಿಲ್ಲ. ಬಾಯಾಗ ನೀರೂ ಬಿಡಬ್ಯಾಡ್ರಿ, ಶ್ವಾಸನಾಳಕ್ಕ ಹೋಗ್ತೈತಿ. ಗಾಯ ಇಲ್ಲ ಅಂದ್ರ, ಪೊಟರಿ ಉಳದಿದ್ರ ತಿರಗಿ ಅಲ್ಲೇ ಇಡ್ರಿ, ಮನುಷ್ಯಾರು ಮುಟ್ಟಿದ್ರ ತಾಯಿ ಬಿಡ್ತೈತಿ ಅನ್ನೂದು ಸುಳ್ಳು. ಪೊಟರಿ ಮುರದು ಹೋಗಿದ್ರ ಒಂದು ರಟ್ಟಿನ ಡಬ್ಬಿಗೆ ತೂತು ಮಾಡಿ, ಬಟ್ಟಿ ಹಾಸಿ ಮರಿ ಇಟ್ಟು ಬೆಚ್ಚಗಿರೂ ಕಡೆ ಇಡ್ರಿ, 1926ಕ್ಕ ಫೋನ್ ಹಚ್ರಿ, ಅದು ಅರಣ್ಯ ಇಲಾಖೆ ಸಹಾಯವಾಣಿ. ಜೀವ ಉಳಿಸಿದ್ದು ಪುಣ್ಯದ ಕೆಲಸ, ಹಂಗಂತ ಇಟ್ಕೊಂಡ್ರ ಕಾಯ್ದೆ ಅದನ್ನ ಕೇಳೂದಿಲ್ಲ.

ಪ್ರಶ್ನೆ: ಮನ್ಯಾಗ ಅವ್ವಗ ಅಸ್ತಮಾ ಐತಿ. ಕಾಕಟೀಲ್ ಜ್ವಾಡಿ ತರಬೇಕಂತ ಮಕ್ಕಳ ಹಟ.
— ಧಾರವಾಡ

ಉತ್ತರ: ಕಾಕಟೀಲ್ ಬ್ಯಾಡ ಅಂತೇನಿ. ಅದರ ಪುಕ್ಕದಾಗಿಂದ ಬಿಳೇ ಪುಡಿ ದಿನಾ ಉದರ್ತೈತಿ, ಟಿವಿ ಮ್ಯಾಲ ಬೆರಳಿಲೆ ಗೆರಿ ಎಳಿಯೂವಷ್ಟು ಕುಂದರ್ತೈತಿ, ಮಳಿಗಾಲದಾಗ ಧಾರವಾಡದಾಗ ಬಾಗಲಾ ಕಿಡಕಿ ಬಂದ್ ಮಾಡಿದಾಗಂತೂ ಅದ ಹವಾ ಒಳಗ ತಿರಗ್ತೈತಿ. ಬಡ್ಜಿದು ಕಡಿಮಿ, ಇಲ್ಲವೇ ಇಲ್ಲ ಅಂತಲ್ಲ. ಮೊದ್ಲ ಅವ್ವನ ಡಾಕ್ಟರ್ನ ಕೇಳ್ರಿ. ಅವ್ರು ಹೂಂ ಅಂದ್ರೂ ಪಂಜರ ಅವ್ವನ ಖೋಲಿಗೆ ದೂರ ಇರಲಿ, ಒಣ ಕಸಬರಿಗಿ ಹೊಡೀಬ್ಯಾಡ್ರಿ, ಒಣಗಿದ ಹಿಕ್ಕಿ ಪುಡಿ ಹಾರಿ ಮನುಷ್ಯಾರಿಗೂ ಸಿಟಕೋಸಿಸ್ ಅನ್ನೂ ಜ್ವರ ಬರ್ತೈತಿ, ಹಸಿ ಅರಬಿಲೆ ಒರಸ್ರಿ. ಮನ್ಯಾಗ ಯಾರಿಗರ ಜ್ವರ ಕೆಮ್ಮು ಬಂದ್ರ, ಹಕ್ಕಿ ಸಾಕೇವಿ ಅಂತ ಡಾಕ್ಟರಿಗೆ ತಾವಾಗಿ ಹೇಳ್ರಿ, ಅವ್ರು ಕೇಳೂದಿಲ್ಲ.

ಪ್ರಶ್ನೆ: ಗಿಣಿಗೆ ಮೆಣಸಿನಕಾಯಿ ತಿನಿಸಿದ್ರ ಲಗೂ ಮಾತು ಬರ್ತೈತಿ ಅಂತಾರ, ಖರೇನ?
— ಬ್ಯಾಡಗಿ

ಉತ್ತರ: ಬ್ಯಾಡಗ್ಯಾವ್ರು ಇದನ್ನ ಕೇಳ್ದ ಮತ್ಯಾರು ಕೇಳ್ಬೇಕ್ರಿ! ಮಾತಿಗೂ ಅದಕ್ಕೂ ಸಂಬಂಧ ಇಲ್ಲ. ಖಾರದ ಅಂಶ ಹಕ್ಕಿಗೆ ಹತ್ತೂದ ಇಲ್ಲ, ನಮ್ಮ ನಾಲಗಿಗೆ ಉರಿ ತಿಳಿಸೂ ವ್ಯವಸ್ಥಾ ಅವಕ್ಕ ಅದಕ್ಕ ಸ್ಪಂದಸೂದಿಲ್ಲ, ಅದಕ್ಕ ನಮಗ ಕಣ್ಣೀರ ಬರೂದನ್ನ ಅವು ಆರಾಮ ಮೆಲ್ಲತಾವ. ಬಡ್ಜಿನ್ಯಾಗ ಮಾತು ಕಲಿಯೂದು ಹೆಚ್ಚಾಗಿ ಗಂಡು, ದೊಡ್ಡದಾದಮ್ಯಾಲ ಮೂಗಿನ ಮ್ಯಾಲ ನೀಲಿ ಇರ್ತೈತಿ, ಹೆಣ್ಣಿಗೆ ಕಂದು. ಒಂದ ಶಬ್ದ ದಿನಾ ಅದ ಹೊತ್ತಿಗೆ ಅದ ದನಿಲೆ ಹೇಳ್ರಿ, ಕೆಲವು ಕಲೀತಾವ, ಕೆಲವು ಜನ್ಮಕ್ಕೂ ಇಲ್ಲ. ಮೆಣಸಿನಕಾಯಿ ಕೊಡ್ರಿ, ಎ ಜೀವಸತ್ವಕ್ಕ ಛಲೋ, ಆದ್ರ ಹಸೀದು, ಚಂದಂಗ ತೊಳದು. ಚೀಲದಾಗಿನ ಒಣದಕ್ಕ ಬೂಷ್ಟು ಹಿಡದಿರ್ತೈತಿ, ಅದು ಬ್ಯಾಡ.