ತಳ ಹಿಗ್ಗಿದರೆ ಭೂಮಿ ಉಬ್ಬಬೇಕಲ್ಲವೇ?

ಪತ್ರ: ಖಂಡಗಳ ಚಲನೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಚಿತ್ರದಲ್ಲಿ ಭಾರತವು ದೋಣಿಯ ಹಾಗೆ ಸಮುದ್ರವನ್ನು ಸೀಳಿಕೊಂಡು ಉತ್ತರಕ್ಕೆ ಹೊರಟಿದೆ. ಅದೇ ಪುಟದಲ್ಲಿ ಸಮುದ್ರದ ತಳ ಹಿಗ್ಗುತ್ತಿದೆ ಎಂದೂ ಬರೆದಿದ್ದೀರಿ. ಮೂವತ್ತು ವರ್ಷ ಗಣಿತ ಕಲಿಸಿದ ನನಗೆ ಈ ಲೆಕ್ಕ ಹತ್ತುತ್ತಿಲ್ಲ. ತಳ ಹಿಗ್ಗಿದರೆ ಭೂಮಿಯೇ ಉಬ್ಬಬೇಕು. ಉಬ್ಬಿಲ್ಲವಾದರೆ ಹೆಚ್ಚಾದ ನೆಲ ಎಲ್ಲಿ ಹೋಯಿತು? ಅಷ್ಟು ಆಳದಲ್ಲಿ ನಡೆಯುವುದನ್ನು ಕಂಡವರಾದರೂ ಯಾರು?
– ನಿವೃತ್ತ ಅಧ್ಯಾಪಕರು, ಕುಂದಾಪುರ

ಸಂಪಾದಕರ ಉತ್ತರ:

ಮಾನ್ಯರೇ, ಮೊದಲು ತಪ್ಪೊಪ್ಪಿಗೆ. ಆ ದೋಣಿಯ ಚಿತ್ರ ತಪ್ಪು. ಅದು ಸಣ್ಣ ತಪ್ಪೂ ಅಲ್ಲ, ಹೊಸದೂ ಅಲ್ಲ. ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ವಾದಿಸಿದ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಎಡವಿದ್ದು ಇಲ್ಲಿಯೇ. ಖಂಡಗಳು ಸಮುದ್ರತಳದ ಬಂಡೆಯನ್ನು ಗದ್ದೆ ಉಳುವ ನೇಗಿಲಿನಂತೆ ಸೀಳಿಕೊಂಡು ಹೋಗುತ್ತವೆ ಎಂದು ಅವರು ಭಾವಿಸಿದ್ದರು. ಅಷ್ಟು ಗಟ್ಟಿಯಾದ ಬಂಡೆಯನ್ನು ಸೀಳುವ ಬಲ ಎಲ್ಲಿಂದ ಬಂತು ಎಂದು ಭೌತವಿಜ್ಞಾನಿಗಳು ಕೇಳಿದಾಗ ಅವರಲ್ಲಿ ಸಮರ್ಪಕ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ವೆಗೆನರ್ ತೀರಿಕೊಂಡಾಗ ಅವರ ಸಿದ್ಧಾಂತವನ್ನು ಒಪ್ಪಿದವರು ಕೆಲವರೇ.

ಖಂಡ ನೇಗಿಲಲ್ಲ, ಗಾಡಿಯ ಮೇಲಿನ ಹುಲ್ಲಿನ ಹೊರೆ. ಸರಿಯುವುದು ಗಾಡಿ, ಅಂದರೆ ಖಂಡವನ್ನೂ ಅದರ ಪಕ್ಕದ ಸಮುದ್ರತಳವನ್ನೂ ಒಟ್ಟಿಗೆ ಹೊತ್ತ ಭೂಫಲಕ. ಕುಂದಾಪುರದ ಕಡಲತೀರವೂ ಅದರ ಮುಂದಿನ ಅರಬ್ಬೀ ಸಮುದ್ರದ ತಳವೂ ಒಂದೇ ಗಾಡಿಯಲ್ಲಿವೆ. ಆ ತಳ ಹುಟ್ಟುವ ಜಾಗ ಇನ್ನೂ ಬಹಳ ದೂರ ನೈಋತ್ಯದಲ್ಲಿದೆ: ಕಾರ್ಲ್ಸ್‌ಬರ್ಗ್ ಏಣು ಎಂಬ ಮುಳುಗಿದ ಬೆಟ್ಟಸಾಲು. ಜಗತ್ತಿನ ಸಾಗರಗಳಲ್ಲೆಲ್ಲ ಸುಮಾರು 65,000 ಕಿ.ಮೀ. ಹಬ್ಬಿರುವ ಸಾಲಿನ ಒಂದು ತುಂಡು ಅದು. ಏಣಿನ ನಡುವೆ ನೆಲ ಬಿರಿಯುತ್ತದೆ, ಬಿರುಕಿಗೆ ಕೆಳಗಿನಿಂದ ಕಾದ ಶಿಲಾರಸ ಏರುತ್ತದೆ, ಆರಿ ಬಸಾಲ್ಟ್ ಬಂಡೆಯಾಗುತ್ತದೆ, ಮತ್ತೆ ಬಿರಿಯುತ್ತದೆ.

ಕಂಡವರು ಯಾರು ಎಂದು ಕೇಳಿದ್ದೀರಿ. ಇದು ನಮ್ಮ ಪಶ್ಚಿಮದ ಕಡಲಿಗೆ ಸೇರಿದ ಕತೆಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಮುದ್ರದ ತಳ ಏಣುಗಳಲ್ಲಿ ಹುಟ್ಟಿ ಬದಿಗೆ ಸರಿಯುತ್ತದೆ ಎಂದು 1962ರಲ್ಲಿ ಬರೆದವರು ಅಮೆರಿಕದ ಹ್ಯಾರಿ ಹೆಸ್. ಸಾಕ್ಷ್ಯ ಸಾಲದೆಂದು ಅವರಿಗೇ ಗೊತ್ತಿತ್ತು. ತಮ್ಮ ಲೇಖನವನ್ನು ‘ಭೂಕಾವ್ಯ’ ಎಂದು ತಾವೇ ಕರೆದುಕೊಂಡರು. ಅದೇ ವರ್ಷ ಬ್ರಿಟನ್ನಿನ ಓವೆನ್ ಎಂಬ ಹಡಗು ಕಾರ್ಲ್ಸ್‌ಬರ್ಗ್ ಏಣಿನ ಮೇಲೆ ಹಿಂದಕ್ಕೂ ಮುಂದಕ್ಕೂ ಸಾಗುತ್ತ ತಳದ ಬಂಡೆಗಳ ಕಾಂತತ್ವವನ್ನು ಅಳೆಯಿತು. ಕೇಂಬ್ರಿಜ್‌ನ ಡ್ರಮಂಡ್ ಮ್ಯಾಥ್ಯೂಸ್ ತಂದ ಆ ಅಳತೆಗಳನ್ನು ಬಿಡಿಸಲು ಕುಳಿತವನು ಅವರ ವಿದ್ಯಾರ್ಥಿ ಫ್ರೆಡ್ ವೈನ್. ಬಸಾಲ್ಟ್ ಆರುವಾಗ ಅದರೊಳಗಿನ ಕಬ್ಬಿಣದ ಖನಿಜದ ಕಣಗಳು ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಕ್ಷೇತ್ರವೋ ಆಗಾಗ ತಲೆಕೆಳಗಾಗುತ್ತದೆ. ಕಡೆಯ ಸಲ ಪೂರ್ತಿ ಮಗುಚಿದ್ದು ಸುಮಾರು 7 ಲಕ್ಷ 80 ಸಾವಿರ ವರ್ಷಗಳ ಹಿಂದೆ. ಹಾಗಿದ್ದರೆ, ತಳ ನಿಜವಾಗಿಯೂ ಏಣಿನಿಂದ ಎರಡೂ ಕಡೆ ಸರಿಯುತ್ತಿದ್ದರೆ, ನೆಟ್ಟಗಿನ ಪಟ್ಟೆ, ತಿರುಗಿದ ಪಟ್ಟೆ, ಮತ್ತೆ ನೆಟ್ಟಗಿನದು, ಹೀಗೆ ನಡುವಿನಿಂದ ಎರಡೂ ಅಂಚಿಗೆ ನೇಯ್ದುಕೊಂಡು ಹೋದ ಜಮಖಾನದಂತಿರಬೇಕು. ವೈನ್ ಮತ್ತು ಮ್ಯಾಥ್ಯೂಸ್ 1963ರ ಸೆಪ್ಟೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ವೈನ್‌ಗೆ ಆಗ 24 ವರ್ಷ.

ಸಂಪಾದಕನ ಕುರ್ಚಿಯಲ್ಲಿ ಕುಳಿತವನಿಗೆ ಚುಚ್ಚುವ ಉಪಕತೆಯೊಂದು ಇಲ್ಲಿದೆ. ಕೆನಡಾದ ಲಾರೆನ್ಸ್ ಮಾರ್ಲಿ ಇದೇ ವಿಚಾರವನ್ನು ಸ್ವತಂತ್ರವಾಗಿ ಯೋಚಿಸಿ ಅದೇ ವರ್ಷದ ಆರಂಭದಲ್ಲಿ ಅದೇ ‘ನೇಚರ್’ಗೆ ಕಳಿಸಿದ್ದರು. ತಿರಸ್ಕೃತವಾಯಿತು. ಇನ್ನೊಂದು ಪತ್ರಿಕೆಗೆ ಕಳಿಸಿದರು. ಇಂಥ ಊಹೆ ಪಾರ್ಟಿಗಳಲ್ಲಿ ಹರಟಲು ಚೆನ್ನ, ಗಂಭೀರ ಪತ್ರಿಕೆಗಲ್ಲ ಎಂಬರ್ಥದ ಷರಾದೊಂದಿಗೆ ಅದೂ ವಾಪಸು ಬಂತು. ಈಗ ಆ ಸಿದ್ಧಾಂತಕ್ಕೆ ಮೂವರ ಹೆಸರೂ ಇದೆ. ಷರಾ ಬರೆದವರ ಹೆಸರಿಲ್ಲ.

ಅನುಮಾನ ಕರಗಿದ್ದು 1966ರ ಹೊತ್ತಿಗೆ. ಎಲ್ಟಾನಿನ್ ಎಂಬ ಹಡಗು ದಕ್ಷಿಣ ಪೆಸಿಫಿಕ್‌ನ ಏಣನ್ನು ದಾಟಿ ತಂದ ಕಾಂತತ್ವದ ರೇಖೆಯನ್ನು ಕಾಗದದ ನಡುವೆ ಮಡಚಿದರೆ ಎರಡೂ ಬದಿಯ ಏರಿಳಿತ ಒಂದರ ಮೇಲೊಂದು ಕೂರುವಂತಿತ್ತು. ಎರಡು ವರ್ಷದ ಮೇಲೆ ಗ್ಲೋಮರ್ ಚಾಲೆಂಜರ್ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ ತಳವನ್ನೇ ಕೊರೆಯಿತು. ಏಣಿನಿಂದ ದೂರ ಹೋದಷ್ಟೂ ನೆಲದ ವಯಸ್ಸು ಹೆಚ್ಚುತ್ತಿತ್ತು.

ಇನ್ನು ತಮ್ಮ ಲೆಕ್ಕ. ಭೂಮಿ ಉಬ್ಬುತ್ತಿದೆ ಎಂದು ಗಂಭೀರವಾಗಿ ವಾದಿಸಿದ ವಿಜ್ಞಾನಿಗಳೂ ಇದ್ದರು, ಆದ್ದರಿಂದ ತಮ್ಮ ಪ್ರಶ್ನೆ ಮರ್ಯಾದಸ್ಥ ಪ್ರಶ್ನೆ. ಉತ್ತರ ಬಾವಿಯ ರಾಟೆಯಲ್ಲಿದೆ: ಹಗ್ಗ ಒಂದು ಕಡೆ ಮೇಲೆ ಬಂದಷ್ಟೇ ಇನ್ನೊಂದು ಕಡೆ ಕೆಳಗಿಳಿಯುತ್ತದೆ. ಏಣಿನಿಂದ ದೂರವಾಗುತ್ತ ತಣ್ಣಗಾಗಿ ಭಾರವಾದ ತಳ, ಸಾಗರದ ಆಳ ಕಂದಕಗಳಲ್ಲಿ ಭೂಮಿಯೊಳಕ್ಕೆ ಮುಳುಗುತ್ತದೆ. ಮುಳುಗುವಾಗ ಹಿಂದಿನ ಫಲಕವನ್ನೂ ಎಳೆಯುತ್ತದೆ; ವೆಗೆನರ್‌ಗೆ ಸಿಗದ ಬಲದ ಬಹುಪಾಲು ಈ ಎಳೆತವೇ. ಸುಮಾತ್ರದ ಪಕ್ಕದಲ್ಲಿ ಹೀಗೆ ಇಳಿಯುವ ಹಿಂದೂ ಮಹಾಸಾಗರದ ತಳವೇ 2004ರ ಡಿಸೆಂಬರ್ 26ರ ಸುನಾಮಿಗೆ ಮೂಲ. ಅರಬ್ಬೀ ಸಮುದ್ರದ ಉತ್ತರ ತುದಿಯ ಮಕ್ರಾನ್ ತೀರದಲ್ಲೂ ಇದೇ ನಡೆದಿದೆ; 1945ರ ನವೆಂಬರಿನಲ್ಲಿ ಅಲ್ಲೆದ್ದ ಅಲೆ ಮುಂಬೈಯನ್ನು ಮುಟ್ಟಿತ್ತು. ಮಹಾಸಾಗರಗಳಲ್ಲಿ ಸುಮಾರು 18 ಕೋಟಿ ವರ್ಷಕ್ಕಿಂತ ಹಳೆಯ ತಳ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಲ್ಲ ಒಳಗೆ ಹೋಗಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಖಂಡದ ಬಂಡೆ ಹಗುರ, ಮುಳುಗಲೊಲ್ಲದು.

ತಮ್ಮ ಊರಿನಿಂದ ಬಹಳ ದೂರವಿಲ್ಲ, ಮಲ್ಪೆಯಿಂದ ದೋಣಿಯಲ್ಲಿ ತೋನ್ಸೆಪಾರ್‌ಗೆ, ಅಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿರುತ್ತೀರಿ. ಅಲ್ಲಿ ಒಟ್ಟಿಟ್ಟಂತೆ ನಿಂತಿರುವ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತದಿಂದ ಮಡಗಾಸ್ಕರ್ ಬೇರೆಯಾಗುವಾಗ ಉಕ್ಕಿದ ಲಾವಾ. ಆಮೇಲೆ ಬಿರುಕು ಜಾಗ ಬದಲಿಸಿತು. ಸೆಶೆಲ್ಸ್ ಆಚೆ ಉಳಿಯಿತು, ಅದಕ್ಕೇ ಸಾಗರದ ನಡುವಿನ ಆ ದ್ವೀಪಗಳಲ್ಲಿ ಖಂಡದ ಗ್ರಾನೈಟ್ ಇದೆ. ಈಗ ಮಲ್ಪೆಯಿಂದ ಮಡಗಾಸ್ಕರ್‌ನ ಈಶಾನ್ಯ ತೀರಕ್ಕೆ ಸುಮಾರು 4,000 ಕಿ.ಮೀ., ಅಂದರೆ 40 ಕೋಟಿ ಸೆಂ.ಮೀ. ಭಾಗಿಸಿದರೆ ವರ್ಷಕ್ಕೆ ನಾಲ್ಕೂವರೆ ಸೆಂ.ಮೀ. ಬರುತ್ತದೆ. ಇದು ಸರಾಸರಿ ಮಾತ್ರ. ಏಷ್ಯಾಕ್ಕೆ ಡಿಕ್ಕಿ ಹೊಡೆಯುವ ಮುನ್ನ ಭಾರತ ವರ್ಷಕ್ಕೆ 15 ಸೆಂ.ಮೀ. ದಾಟಿ ಓಡಿದ್ದೂ ಇದೆ.

ಅಳೆದು ನೋಡಿದ್ದಾರೆಯೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಗೊತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂ.ಮೀ. ಸರಿಯುತ್ತಿದೆ, ಅದೂ ಈಶಾನ್ಯದ ಕಡೆಗೆ. ನಮ್ಮ ಚಿತ್ರದ ಬಾಣ ನೇರ ಉತ್ತರಕ್ಕಿತ್ತು. ದೋಣಿಯನ್ನು ತೆಗೆದು, ಬಾಣವನ್ನು ತಿರುಗಿಸಿ ಮುಂದಿನ ಸಂಚಿಕೆಯಲ್ಲಿ ಮತ್ತೆ ಅಚ್ಚು ಹಾಕುತ್ತೇವೆ. ಚಿತ್ರಕಾರರನ್ನು ಬಯ್ಯಬೇಡಿ, ಹಾಗೆ ಬರೆಯಲು ಹೇಳಿದವನು ನಾನು.